ಹಾರ ಹಾಕುವಷ್ಟು ಹೊತ್ತು

ಹದಿನೇಳು ವರ್ಷ ನಾಟಕ ಆಡಿದ ಪುಟ್ಟತಾಯಮ್ಮ ಒಂದು ನಾಟಕವನ್ನೂ ನೋಡಿರಲಿಲ್ಲ.

ಕೇಳಿದವರು ನಗುತ್ತಾರೆ. ನಗಲಿ. ಊರ ಗಂಡಸರು ಹಾರ್ಮೋನಿಯಂ ಮೇಷ್ಟ್ರನ್ನು ಕೂರಿಸಿಕೊಂಡು ಮೂರು ತಿಂಗಳು ಪ್ರಾಕ್ಟೀಸು ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ತಮ್ಮ ಮನೆ ಹೆಣ್ಣುಮಕ್ಕಳನ್ನು ಬಿಡುವುದಿಲ್ಲ. ಹೊರಗಿನಿಂದ ಗೊತ್ತುಮಾಡಿ ಕರೆಸುತ್ತಾರೆ. ಹಾಗೆ ಬಂದವಳು ನಾಟಕದ ದಿನ ಸಂಜೆ ಬಸ್ಸಿನಿಂದ ಇಳಿಯಬೇಕು, ತನ್ನ ಶ್ರುತಿ ಯಾವುದೆಂದು ಮೇಷ್ಟ್ರಿಗೆ ಹೇಳಬೇಕು, ಬಣ್ಣ ಹಚ್ಚಿಕೊಂಡು ಪರದೆ ಹಿಂದೆ ಕೂರಬೇಕು, ಕರೆದಾಗ ಹೋಗಿ ಅಳಬೇಕು, ಬೆಳಗ್ಗೆ ಮೊದಲ ಬಸ್ಸು ಹತ್ತಬೇಕು. ನಾಟಕ ಎಲ್ಲಿ ಹುಟ್ಟಿತು, ಎದುರಿಗೆ ಕೂತವರಿಗೆ ಹೇಗೆ ಕಂಡಿತು, ಅವಳಿಗೆ ತಿಳಿಯದು. ತಿಳಿದಿರುವುದು ನಡುವಿನ ತುಂಡೊಂದೇ.

ಪಾತ್ರವೂ ಒಂದೇ. ಹೆಸರು ಹೇಳಬೇಕಾಗಿಲ್ಲ. ಪಗಡೆ, ತುಂಬಿದ ಸಭೆ, ಗಂಡಂದಿರು ಸೋತ ರಾಣಿ, ಸೀರೆ ಅಂದರೆ ಅಕ್ಕಿಹೆಬ್ಬಾಳಿನಿಂದ ನಾಗಮಂಗಲದವರೆಗೆ ತೊಟ್ಟಿಲ ಕೂಸಿಗೂ ಗೊತ್ತು. ಕರಪತ್ರದಲ್ಲಿ ಗಂಡಸರಿಗೆಲ್ಲ ಅಪ್ಪನ ಹೆಸರು, ಮನೆತನದ ಹೆಸರು, ಹಾಲಿನ ಡೈರಿಯ ಅಧ್ಯಕ್ಷಗಿರಿ ಸಮೇತ ಅಚ್ಚಾಗುತ್ತದೆ. ಅವಳದು ಕೊನೆಯ ಸಾಲು: ಸ್ತ್ರೀ ಪಾತ್ರದಲ್ಲಿ ಮಿಸ್ ರಂಜಿತ, ಶ್ರೀರಂಗಪಟ್ಟಣ. ಅಪ್ಪನಿಲ್ಲ, ಮನೆಯಿಲ್ಲ. ಹುಟ್ಟಿದಾಗ ಇಟ್ಟ ಹೆಸರೂ ಇಲ್ಲ.

ತೊಂಬತ್ತೈದರ ಬೇಸಿಗೆ. ಶ್ರೀರಂಗಪಟ್ಟಣದ ಬಸ್‌ಸ್ಟಾಂಡ್ ಗೋಡೆಯ ಮೇಲೆ ಒಂದು ಕಾಗದ ಅಂಟಿಸಿದ್ದರು. ಪಾಂಡವಪುರದಲ್ಲಿ ಹನ್ನೆರಡು ದಿನದ ರಂಗ ತರಬೇತಿ ಶಿಬಿರ, ಕೊನೆಗೆ ಮೂರು ದಿನ ನಾಟಕೋತ್ಸವ, ಆಸಕ್ತರು ಬರಬಹುದು. ‘ಆಸಕ್ತರು’ ಎಂಬಲ್ಲಿಗೆ ಅವಳ ಕಣ್ಣು ಎರಡು ಸಲ ಹೋಯಿತು. ಗೊತ್ತುಮಾಡದೆ, ಕರೆಸದೆ, ಬರೀ ಆಸಕ್ತಿ ಇಟ್ಟುಕೊಂಡು ಹೋಗಬಹುದೆ ನಾಟಕಕ್ಕೆ? ಬೇಸಿಗೆ ಮುಗಿಯುತ್ತ ಬಂದಿತ್ತು, ಊರುಗಳ ನಾಟಕಗಳೂ ಮುಗಿಯುತ್ತ ಬಂದಿದ್ದವು. ನಾಟಕವಿಲ್ಲದಾಗ ಮಾಡುವ ಟೈಲರಂಗಡಿಯ ಹೆಮ್ಮಿಂಗು ಕೆಲಸ ಹನ್ನೆರಡು ದಿನ ಕಾದರೆ ಆಕಾಶ ಬೀಳುವುದಿಲ್ಲ ಅಂದುಕೊಂಡು ಬಸ್ಸು ಹತ್ತಿದಳು.

ಶಿಬಿರ ನಡೆಯುತ್ತಿದ್ದದ್ದು ರಜೆ ಬಿದ್ದ ಒಂದು ಶಾಲೆಯ ಉದ್ದನೆ ಕೊಠಡಿಯಲ್ಲಿ. ಬಾಗಿಲಲ್ಲಿ ಕನ್ನಡಕದ ದೊರೆಸ್ವಾಮಿ ಮೇಷ್ಟ್ರು ಪುಸ್ತಕ ತೆರೆದುಕೊಂಡು ಕೂತಿದ್ದರು. ರಿಟೈರಾದ ಮೇಲೆ ಊರಿನ ಸಾಂಸ್ಕೃತಿಕ ಸಂಘಕ್ಕೆ ಅವರೇ ಅಧ್ಯಕ್ಷರು.

“ಹೆಸರೇನಮ್ಮ?”

“ಪುಟ್ಟತಾಯಮ್ಮ.”

ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ. ನಾಲಿಗೆಗೆ ಬೇರೆಯವರ ಮನೆ ಚಮಚ ತಾಗಿದಂತಾಯಿತು.

“ಏನ್ ಕೆಲಸ?”

“ಒಲಿಗೆ ಸಾ.”

ಸುಳ್ಳೇನಲ್ಲ. ಪೂರ್ತಿ ನಿಜವೂ ಅಲ್ಲ.

ಒಳಗೆ ಇಪ್ಪತ್ತು ಜನ ನೆಲದ ಮೇಲೆ ಸುತ್ತ ಕೂತಿದ್ದರು. ಮೈಸೂರಿನಿಂದ ಬಂದ ರಘುನಂದನ್ ಎಂಬ ಜುಬ್ಬಾದ ಯುವಕನೇ ಕಲಿಸುವವನು. ಅವನು ಮಾಡಿಸಿದ್ದನ್ನು ನೋಡಿ ಪುಟ್ಟತಾಯಮ್ಮನಿಗೆ ಮೊದಲ ದಿನ ನಗು ತಡೆಯಲಾಗಲಿಲ್ಲ. ಕೆಸರಿಲ್ಲದ ಕಡೆ ಕೆಸರಲ್ಲಿ ನಡೆದಂತೆ ನಡೆಯಿರಿ ಅಂದ. ಮೀಸೆ ಬಂದ ಗಂಡಸರು ಪಂಚೆ ಎತ್ತಿಕೊಂಡು ಸಿಮೆಂಟು ನೆಲದಲ್ಲಿ ಕಾಲು ಕೀಳುತ್ತಿದ್ದರು. ಎದುರಿನವರ ಕನ್ನಡಿಯಾಗಿ ಅಂದ. ಕೆ.ಆರ್.ಎಸ್. ನೀರಾವರಿ ಆಫೀಸಿನ ಗುಮಾಸ್ತ ಮೂಗು ಕೆರೆದರೆ ಹೈಸ್ಕೂಲು ಮೇಷ್ಟ್ರು ಶ್ರೀಕರನೂ ಮೂಗು ಕೆರೆದ.

ಎರಡನೇ ದಿನ ತಡೆಯದೆ ಕೇಳಿಯೇಬಿಟ್ಟಳು. “ಪಾರ್ಟು ಯಾವಾಗ ಅಂಚ್ತೀರಿ ಸಾ?”

“ಪಾರ್ಟಿಲ್ಲ. ಇನ್ನೂ ನಾಟಕಾನೇ ಇಲ್ವಲ್ಲ” ಅಂದ ರಘುನಂದನ್.

“ಮತ್ತೆ ಎಲ್ರೂ ಏನ್ ಮಾಡ್ತಾವ್ರೆ?”

“ಎಲ್ಲಿದೆ ಅಂತ ಹುಡುಕ್ತಾ ಇದ್ದಾರೆ.”

ಶ್ರೀರಂಗಪಟ್ಟಣ ಬರುವವರೆಗೂ ಬಸ್ಸಿನಲ್ಲಿ ಅವಳಿಗೆ ಅದೇ ಗುಂಗು. ನಾಟಕ ಅಂದರೆ ಮೇಷ್ಟ್ರ ಟ್ರಂಕಿನಲ್ಲಿ ಬೈಂಡಾಗಿ ಇರುವ ಪುಸ್ತಕ ಅಂತ ಅವಳು ತಿಳಿದಿದ್ದಳು. ಅದು ಕಳೆದುಹೋದ ಎಮ್ಮೆಕರುವಿನಂತೆ ಹುಡುಕಿದರೆ ಸಿಗುವ ವಸ್ತುವೆ?

ಮೂರನೇ ದಿನ ಇನ್ನೊಂದು ಆಟ. ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವುದು, ಉಳಿದವರು ಹಿಡಿದುಕೊಳ್ಳುವುದು. ನಂಬಿಕೆ ಕಲಿಯೋಕೆ ಅಂದ ರಘುನಂದನ್. ಎಲ್ಲರೂ ಬಿದ್ದರು, ಎದ್ದರು. ಪುಟ್ಟತಾಯಮ್ಮನ ಸರದಿ ಬಂದಾಗ ಗೋಡೆಗೆ ಬೆನ್ನು ಕೊಟ್ಟು ನಿಂತಳು.

“ಬೀಳಿ, ಭಯ ಬೇಡ. ಹಿಡ್ಕೋತಾರೆ.”

“ಇಡ್ಕೋತಾರೆ ಅಂತ ಗೊತ್ತು ಸಾ. ನಂಗೆ ಅಭ್ಯಾಸ. ಯಾವ ಕೈ ಎಲ್ಲಿ ಇಡೀತು ಅಂತ ಕಣ್ಬುಟ್ಟು ನೋಡ್ಬೇಕು, ಅಷ್ಟೆ.”

ಯಾರೋ ನಗಲು ಹೋಗಿ ನಿಲ್ಲಿಸಿಕೊಂಡರು. ರಘುನಂದನ್, “ಸರಿ, ಕಣ್ಣು ಬಿಟ್ಕೊಂಡೇ ಬೀಳಿ” ಅಂದ. ಅವಳು ಬೀಳಲಿಲ್ಲ. ಆದರೆ ಆ ಹುಡುಗ ವಾದಕ್ಕೆ ನಿಲ್ಲಲಿಲ್ಲವಲ್ಲ ಅನ್ನುವುದನ್ನು ಗಮನಿಸಿದಳು.

ಐದನೇ ದಿನಕ್ಕೆ ಎಲ್ಲರೂ ಒಂದೊಂದು ಪ್ರಶ್ನೆ ತರಬೇಕಿತ್ತು. ದಿನಾ ಕಣ್ಣಿಗೆ ಬೀಳುವ, ಆದರೆ ಯಾವತ್ತೂ ಕೇಳದ ಪ್ರಶ್ನೆ. ಶ್ರೀಕರ ಮೇಷ್ಟ್ರು ಅಂದ: “ದೊಡ್ಡೋರು ಅನ್ನಿಸ್ಕೊಂಡೋರು ಯಾರು ಜೋರು ಮಾಡಿದ್ರೂ ನಾನು ಎದ್ದು ನಿಂತ್ಕೋತೀನಿ. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ.” ಕ್ಯಾತನಹಳ್ಳಿಯ ಕಾಲೇಜು ಹುಡುಗ ಸಂತೋಷ್ ಅಂದ: “ನಮ್ಮೂರಿನ ನಾಟಕಾನ ಸುತ್ತ ಹಳ್ಳಿಗೆಲ್ಲ ತಮಟೆ ಹೊಡೆದು ಸಾರೋನು ಕುಳ್ಳಯ್ಯ. ಅವನು ಹಂಚೋ ಕರಪತ್ರದಲ್ಲಿ ಅವನ ಹೆಸರು ಯಾಕಿಲ್ಲ?”

ಪುಟ್ಟತಾಯಮ್ಮ ಸೆರಗಿನ ಅಂಚು ಸುತ್ತುತ್ತ ಶುರುಮಾಡಿದಳು.

“ನಾನು ಒಲಿಗೆ ಅಂತ ಬರೆಸ್ದೆ. ನಾಟಕದೋಳೂ ಹೌದು. ಸೀರೆ ಎಳೆಯೋ ಸೀನು ನಿಮ್ಗೆಲ್ಲ ಗೊತ್ತಲ್ಲ. ಎಳೆಯೋ ಪಾರ್ಟಿನೋನು ಸೆರಗು ಇಡ್ಕೊಂಡ ತಕ್ಷಣ ಮೈಕಲ್ಲಿ ಕೂಗ್ತಾರೆ: ಪಾತ್ರಧಾರಿಗೆ ಅವರ ಮಾವನವರಿಂದ ಹೂವಿನ ಹಾರ! ನಾಟಕ ನಿಂತೋಯ್ತದೆ. ಮಾವ ಬತ್ತಾನೆ, ಭಾವಮೈದ ಬತ್ತಾನೆ, ಡೈರಿಯೋರು ಬತ್ತಾರೆ. ಒಬ್ಬೊಬ್ಬರೂ ಹಾರ ಹಾಕಿ, ಕೈ ಕುಲುಕಿ, ಫೋಟೋ ತೆಗೆಸ್ಕೊಂಡು ಇಳೀತಾರೆ. ಅಷ್ಟೊತ್ತೂ ನಾನು ತಲೆ ಬಿಚ್ಕೊಂಡು ಅಂಗೇ ನಿಂತಿರ್ತೀನಿ. ಸೆರಗು ಅವನ ಕೈಲಿ. ನನ್ನ ಪ್ರಶ್ನೆ ಏನಪ್ಪ ಅಂದ್ರೆ, ಆಗ ನಾನು ಮುಖ ಎಲ್ಲಿ ಇಟ್ಕೋಬೇಕು? ಅಳ್ಬೇಕಾ? ನಾಟಕ ನಿಂತೈತೆ, ಯಾರ್ಗೆ ಅಳೋದು? ನಗ್ಬೇಕಾ? ಮಾನ ಹೋಗ್ತಾ ಐತಲ್ಲ, ಎಂಗೆ ನಗೋದು? ಹದಿನೇಳು ವರ್ಸ ನೆಲ ನೋಡ್ಕೊಂಡು ನಿಂತಿವ್ನಿ. ಬೇರೆ ದಾರಿ ಐತಾ ಅಂತ ತಿಳ್ಕೋಬೇಕು.”

ಸಂತೋಷ್ ಮೆಲ್ಲಗೆ, “ನೀವು ನಮ್ಮೂರಿಗೂ ಬಂದಿದ್ರಿ ಅಲ್ವಾ ಅಕ್ಕ? ಆಗ ಎಳೆದದ್ದು ನಮ್ಮಪ್ಪ” ಅಂದ.

“ಶಿವಣ್ಣೋರ ಮಗನಾ ನೀನು?” ಅವಳು ಹುಡುಗನನ್ನು ದಿಟ್ಟಿಸಿ ನೋಡಿದಳು. ಅದೇ ಮೂಗು. “ನಿಮ್ಮಪ್ಪಂಗೆ ಎರಡೂ ಕೈ ತುಂಬ ಹಾರ ಬಂದ್ಬುಟ್ಟು, ನನ್ನ ಸೆರಗನ್ನ ಹಲ್ಲಲ್ಲಿ ಕಚ್ಕೊಂಡಿದ್ರು ಕಣಪ್ಪ. ಎಲೆಅಡಿಕೆ ಹಾಕಿದ್ರು. ಆ ಕೆಂಪು ಇನ್ನೂ ಹೋಗಿಲ್ಲ ಸೀರೆಯಿಂದ.”

ಹಾಗೆ ಸಿಕ್ಕಿತು ನಾಟಕ. ಸಂಜೆಯ ಬಸ್ಸು, ಶ್ರುತಿ ಕೇಳುವ ಮೇಷ್ಟ್ರು, ಜಗುಲಿಯ ಮೇಲೆ ಬೇರೆ ಎಲೆ ಹಾಕಿ ಬಡಿಸುವ ಊಟ, ಕುಳ್ಳಯ್ಯನ ತಮಟೆ, ಕೊನೆಗೆ ಸೀರೆಯ ಸೀನು, ಹಾರ, ಅವಳ ಪ್ರಶ್ನೆ. ದಿನದಿನಕ್ಕೂ ಒಂದೊಂದು ಮಾತು ಮೊಳೆಯುವುದನ್ನು ಪುಟ್ಟತಾಯಮ್ಮ ಬಿತ್ತಿದ ರಾಗಿ ಹೊಲ ನೋಡುವಂತೆ ಬಗ್ಗಿ ಬಗ್ಗಿ ನೋಡಿದಳು. ಸೆರಗು ಹಿಡಿಯುವ ಪಾತ್ರಕ್ಕೆ ಸಂತೋಷ್ ತಾನೇ ಮುಂದೆ ಬಂದ. ನಮ್ಮನೇದು, ನಾನೇ ಮಾಡ್ತೀನಿ ಅಂದ.

ಒಂಬತ್ತನೇ ದಿನ ಶಿವಣ್ಣ ಬಂದ. ಶಾಮಿಯಾನ, ಮೈಕು, ಶಿಬಿರದ ಮಧ್ಯಾಹ್ನದ ಅನ್ನ ಎಲ್ಲ ಅವನ ಕಡೆಯದು. ಗರಿ ಗರಿ ಬಿಳಿ ಪಂಚೆ. ಮಗ ಎಂಗೆ ಮಾಡ್ತಾವ್ನೆ ಅಂತ ನೋಡಲು ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

“ಏನಮ್ಮೀ, ನೀನಿಲ್ಲಿ? ಮೇಷ್ಟ್ರೇ, ಇದ್ಯಾರನ್ನ ಸೇರಿಸ್ಕೊಂಡಿದೀರಿ? ಇವಳು ನಾಟಕದೋಳು.”

“ಇಲ್ಲಿರೋರೆಲ್ಲ ನಾಟಕದೋರೇ ಅಲ್ವಾ ಸಾರ್?” ಅಂದ ರಘುನಂದನ್.

“ನೀವು ಸುಮ್ನಿರಿ ಸ್ವಾಮಿ. ನಮ್ಮ ಮನೆ ಮಕ್ಳು ಆಡೋ ನಾಟಕ ಬೇರೆ, ಇವ್ರು ಆಡೋ ನಾಟಕ ಬೇರೆ.”

ನೋಡಿ ಇದರ ಚೆಂದ. ಸೀರೆ ಎಳೆದವನು ಮರ್ಯಾದಸ್ಥ, ಎಳೆಸಿಕೊಂಡವಳು ನಾಟಕದವಳು. ಒಂದೇ ಸೀರೆ. ಒಂದು ತುದಿಗೆ ಮಾನ, ಇನ್ನೊಂದು ತುದಿಗೆ ಅವಮಾನ. ಇದನ್ನು ಯಾವ ಪುರಾಣವೂ ಬರೆಯಲಿಲ್ಲ, ಊರು ಬರೆಯಿತು.

ನಾಟಕದಲ್ಲಿ ಏನಿದೆ ಅನ್ನುವುದನ್ನು ದೊರೆಸ್ವಾಮಿ ಮೇಷ್ಟ್ರು ತಡವರಿಸುತ್ತ ಹೇಳಿದರು. ಶಿವಣ್ಣನ ಮುಖ ಇಟ್ಟಿಗೆಯಾಯಿತು.

“ನಮ್ಮ ಹಾರ ಅಂದ್ರೆ ಆಡ್ಕೊಳ್ಳಕ್ಕೆ ಸಿಕ್ತಾ ನಿಂಗೆ? ನಾನೊಂದು ಮಾತು ಏಳಿದ್ರೆ ಕೆ.ಆರ್. ಪೇಟೆಯಿಂದ ಈಕಡೆ ಒಂದೂರೂ ನಿನ್ನ ಕರೆಯಾಕಿಲ್ಲ. ಗೊತ್ತೈತಾ?”

ಅವಳಿಗೆ ಗೊತ್ತಿತ್ತು. ಸೀನರಿ ಬಾಡಿಗೆ ಕೊಡುವವರು, ಮೇಷ್ಟ್ರುಗಳು ಎಲ್ಲ ಇವನ ಕೈಕೆಳಗಿನವರೇ. ಅನ್ನ ಹೆಚ್ಚಾಗಿ ಬರುವುದೇ ಆ ಒಂದು ಪಾತ್ರದಿಂದ.

“ಆ ಪಾತ್ರಾನ ಶಿಬಿರದಲ್ಲೇ ಇರೋ ನಮ್ಮ ಅನು ಮಾಡ್ಲಿ ಬಿಡಿ, ಕಾಲೇಜು ಹುಡುಗಿ, ಯಾರೂ ಏನೂ ಅನ್ನಲ್ಲ” ಅಂದರು ದೊರೆಸ್ವಾಮಿ ಮೇಷ್ಟ್ರು. ರಘುನಂದನ್ ತಲೆ ಕೆರೆದುಕೊಂಡ. “ವಿಷಯ ಮುಖ್ಯ ಅಲ್ವಾ ಪುಟ್ಟತಾಯಮ್ಮ, ಯಾರು ಮಾಡಿದ್ರೂ…”

“ನನ್ನ ಪ್ರಶ್ನೆ ನಾನೇ ಕೇಳ್ಕೋತೀನಿ ಸಾ. ಆ ಮಗೀಗೆ ಅದ್ರ ಭಾರ ಯಾಕೆ?”

“ಅಪ್ಪ” ಅಂದ ಸಂತೋಷ್, “ಅವ್ರಿಲ್ಲ ಅಂದ್ರೆ ನಾನೂ ಇಲ್ಲ.”

ಶಿವಣ್ಣ ಮಗನನ್ನು ತಿನ್ನುವಂತೆ ನೋಡಿದ. ಮಗನ ಮೊದಲ ನಾಟಕ ಅಂತ ಊರಿಗೆಲ್ಲ ಹೇಳಿಯಾಗಿತ್ತು. ನೆಂಟರನ್ನು ಕರೆತರಲು ಟ್ರಾಕ್ಟರಿಗೂ ಹೇಳಿಯಾಗಿತ್ತು. ಇಕ್ಕಳದಲ್ಲಿ ಸಿಕ್ಕಿಬಿದ್ದವನಂತೆ ಕೊನೆಗೆ ಒಂದು ಷರತ್ತು ಹಾಕಿದ. ಅವಳು ಇರಲಿ, ಸೀರೆ ಸೀನೂ ಇರಲಿ. ಆದರೆ ಹಾರದ ಮಾತು ಎತ್ತಬಾರದು. ಬಾಯಿ ಬಿಡಬಾರದು.

ಎಲ್ಲರೂ ಪುಟ್ಟತಾಯಮ್ಮನನ್ನು ನೋಡಿದರು. ಪ್ರಶ್ನೆ ಕೇಳಿದರೆ ಅನ್ನ ಹೋಗುತ್ತದೆ. ಕೇಳದಿದ್ದರೆ ಇನ್ನು ಹದಿನೇಳು ವರ್ಷ ನೆಲ ನೋಡಬೇಕು.

“ಆಗ್ಲಿ ಬುಡಿ” ಅಂದಳು. “ಹಾರದ ಮಾತು ನಾನು ಎತ್ತಾಕಿಲ್ಲ.”

ರಘುನಂದನ್ ಆ ಮಾತನ್ನು ತೆಗೆದು ಅಲ್ಲಿ ಮೌನ ಇಟ್ಟ. ಸೆರಗು ಹಿಡಿದ ಕೂಡಲೇ ಎಲ್ಲರೂ ಕಲ್ಲಾಗಬೇಕು. ಮನಸ್ಸಿನಲ್ಲೇ ಇಪ್ಪತ್ತು ಎಣಿಸುವವರೆಗೆ ಯಾರೂ ಅಲುಗಬಾರದು. ಆಮೇಲೆ ಕುಳ್ಳಯ್ಯನ ತಮಟೆ, ಪರದೆ.

ಉತ್ಸವದ ಮೊದಲೆರಡು ಸಂಜೆ ಬೇರೆ ಊರಿನವರ ನಾಟಕಗಳಿದ್ದವು. ಪುಟ್ಟತಾಯಮ್ಮ ಹೆಂಗಸರ ಕಡೆ ಚಾಪೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತ ಜೀವಮಾನದಲ್ಲಿ ಮೊದಲ ಸಲ ನಾಟಕ ನೋಡಿದಳು. ಅದಕ್ಕಿಂತ ಹೆಚ್ಚಾಗಿ ನೋಡುವವರನ್ನು ನೋಡಿದಳು. ಓಹೋ, ಇವರು ಇಲ್ಲಿ ಅಳುತ್ತಾರೆ. ಇಲ್ಲಿ ಮಗುವಿಗೆ ಹಾಲು ಕೊಡುತ್ತಾರೆ. ಪಕ್ಕದವಳ ಓಲೆ ಎಲ್ಲಿ ಮಾಡಿಸಿದ್ದು ಅಂತ ಕೇಳುತ್ತಾರೆ. ಹೆದರುವಂಥದ್ದೇನೂ ಇಲ್ಲಿಲ್ಲ. ಬರೀ ಜನ.

ಮೂರನೇ ಸಂಜೆ ಇವರದು. ಶುರುವಿನಲ್ಲೇ ದೊರೆಸ್ವಾಮಿ ಮೇಷ್ಟ್ರು ಮೈಕಿನಲ್ಲಿ ಸ್ಪಷ್ಟವಾಗಿ ಹೇಳಿದರು: ಇದು ಶಿಬಿರದ ನಾಟಕ, ನಡುವೆ ಯಾರೂ ರಂಗದ ಮೇಲೆ ಬರಕೂಡದು. ಕ್ಯಾತನಹಳ್ಳಿಯ ಟ್ರಾಕ್ಟರು ಬಂದು ನಿಂತಾಗ ಅದನ್ನು ಹೇಳಿ ಅರ್ಧ ಗಂಟೆಯಾಗಿತ್ತು. ಶಿವಣ್ಣನ ಅಪ್ಪ ತಮ್ಮಯ್ಯನನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದರು. ಎಂಬತ್ತರ ಹತ್ತಿರದ ಮುದುಕ, ತೊಡೆಯ ಮೇಲೆ ಒಂದು ಪೊಟ್ಟಣ.

ಸೀರೆಯ ಸೀನು ಬಂತು. ಸಂತೋಷ್ ಸೆರಗು ಹಿಡಿದ. ಎಲ್ಲರೂ ಕಲ್ಲಾದರು.

ಪುಟ್ಟತಾಯಮ್ಮ ನೆಲ ನೋಡುತ್ತ ಎಣಿಸಿದಳು. ಒಂದು, ಎರಡು, ಮೂರು. ಎಂಟಕ್ಕೆ ಮರದ ಮೆಟ್ಟಿಲು ಕಿರುಗುಟ್ಟಿತು.

ತಮ್ಮಯ್ಯ ಹತ್ತಿ ಬರುತ್ತಿದ್ದ. ಅರವತ್ತು ವರ್ಷ ನಾಟಕ ನೋಡಿದ ಮುದುಕ. ಸೆರಗು ಹಿಡಿದ ಕೂಡಲೇ ನಾಟಕ ನಿಂತಿದೆ ಅಂದರೆ ಅದಕ್ಕೆ ಇನ್ನೇನು ಅರ್ಥ? ಹಾರ ತನ್ನಿ ಅಂತ ತಾನೆ? ಅವನು ಪೊಟ್ಟಣ ಬಿಚ್ಚಿ, ಮಲ್ಲಿಗೆ ಮತ್ತು ಕನಕಾಂಬರದ ದಪ್ಪ ಹಾರವನ್ನು ಮೊಮ್ಮಗನ ಕೊರಳಿಗೆ ಹಾಕಿ, ಫೋಟೋದವನು ಎಲ್ಲಿ ಅಂತ ಸುತ್ತ ನೋಡಿದ. ಕಲ್ಲಾಗಬೇಕೆಂದಿದ್ದ ಸಂತೋಷ್ ಕಲ್ಲಾಗಿಯೇ ಇದ್ದ. ಕಣ್ಣು ಮಾತ್ರ ಹೊರಳುತ್ತಿತ್ತು.

ಸಭೆಯಲ್ಲಿ ಎಲ್ಲೋ ಒಂದು ನಗು ಸಿಡಿಯಿತು.

ಹಾರದ ಮಾತು ಎತ್ತುವುದಿಲ್ಲ ಅಂತ ಪುಟ್ಟತಾಯಮ್ಮ ಮಾತು ಕೊಟ್ಟಿದ್ದಳು. ಎತ್ತಲೂ ಇಲ್ಲ. ಹಾರವೇ ಕಾಲು ಬಂದಂತೆ ಮೆಟ್ಟಿಲು ಹತ್ತಿ ಬಂದಿತ್ತು. ಅವಳು ತಲೆ ಎತ್ತಿದಳು. ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ ಕೇಳಿದಳು.

“ಯಾಕ್ ತಾತ, ಇದು?”

ಮುದುಕ ಬೆಚ್ಚಿ ತಿರುಗಿದ. ನಾಟಕ ನಿಂತಾಗ ಈ ಪಾತ್ರ ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಆದರೂ ಕೇಳಿದ್ದಕ್ಕೆ ಉತ್ತರ ಕೊಡಬೇಕಾದ್ದು ಮನುಷ್ಯಧರ್ಮ.

“ನಮ್ ಹೈದ ಚೆಂದಾಗಿ ಎಳೀತಾವ್ನೆ ಕಣವ್ವ, ಅದ್ಕೆ.”

ನಗು ಇನ್ನೊಂದು ಸಲ ಎದ್ದು, ನಡುವೆಯೇ ಮುರಿದುಬಿತ್ತು.

“ನಾನು ಚೆಂದಾಗಿ ಅಳ್ಲಿಲ್ವಾ ತಾತ?”

“ಅತ್ತೆ ಕಣವ್ವ. ನನ್ ಕಣ್ಣಲ್ಲೂ ನೀರು ಬಂತು. ಸುಳ್ ಯಾಕೆ ಏಳ್ಲಿ.”

“ಮತ್ತೆ?”

ತಮ್ಮಯ್ಯ ಯೋಚಿಸಿದ. ಪ್ರಾಮಾಣಿಕ ಮುದುಕ, ಅದೇ ಕಷ್ಟ. “ನಿಂಗೆ ಹಾಕಾಕೆ… ಈ ಊರಲ್ಲಿ ನಿನ್ನೋರು ಅಂತ ಯಾರವ್ವ ಅವ್ರೆ?”

ಮೈಕು ಅದನ್ನು ಹಿಡಿದು ಶಾಮಿಯಾನದ ಕೊನೆಯವರೆಗೆ ಒಯ್ದಿತು.

ಶಿವಣ್ಣ ಎದ್ದ. “ಅಪ್ಪಯ್ಯಾ, ಇಳೀ ಕೆಳಕ್ಕೆ! ಪರದೆ ಬುಡ್ರಲಾ! ಮೇಷ್ಟ್ರೇ, ಪರದೆ!”

ಪರದೆಯ ಹಗ್ಗದ ಬಳಿ ಸ್ಟೂಲಿನ ಮೇಲೆ ಶ್ರೀಕರ ಮೇಷ್ಟ್ರು ಕೂತಿದ್ದ. ಶಿವಣ್ಣನ ದನಿಗೆ ಅವನ ಮಂಡಿ ಎದ್ದವು. ಅರ್ಧಕ್ಕೆ ಎದ್ದವನು ಶಿಬಿರಕ್ಕೆ ತಂದ ತನ್ನ ಪ್ರಶ್ನೆಯನ್ನು ನೆನಪಿಸಿಕೊಂಡವನಂತೆ ಮೆಲ್ಲಗೆ ಮತ್ತೆ ಕೂತ. ಹಗ್ಗ ಮುಟ್ಟಲಿಲ್ಲ.

ಇನ್ನು ಕ್ಯಾತನಹಳ್ಳಿಯಿಂದ ಕರೆ ಬರುವುದಿಲ್ಲ. ಕೆ.ಆರ್. ಪೇಟೆಯಿಂದಲೂ ಇಲ್ಲ, ನಾಗಮಂಗಲದಿಂದಲೂ ಇಲ್ಲ. ಪುಟ್ಟತಾಯಮ್ಮನಿಗೆ ಅದು ಅಲ್ಲೇ ಖಚಿತವಾಯಿತು. ಖಚಿತವಾದ ಮೇಲೆ ಮೈ ಹಗುರಾಯಿತು. ಅವಳು ರಂಗದ ಅಂಚಿಗೆ ಬಂದಳು. ಸೆರಗಿನ ಜೊತೆ ಸಂತೋಷನೂ ಎರಡು ಹೆಜ್ಜೆ ಎಳೆದುಕೊಂಡು ಬಂದ. ಕಾಲು ಕೆಳಗೆ ಇಳಿಬಿಟ್ಟು, ಕೆರೆ ಸೋಪಾನದ ಮೇಲೆ ಕೂರುವಂತೆ ಕೂತಳು.

“ಹಾಕೋ ಹಾರ ಇನ್ನೂ ಇದ್ರೆ ಹಾಕಿ ಮುಗಿಸ್ಬುಡಿ. ನಾನಿಲ್ಲಿ ಕೂತಿರ್ತೀನಿ.”

ಕೂತು ಎದುರಿಗಿದ್ದವರನ್ನು ಒಬ್ಬೊಬ್ಬರಾಗಿ ನೋಡಿದಳು. ಸಿಟ್ಟಿನಿಂದಲ್ಲ, ಮೊನ್ನೆ ಚಾಪೆಯ ಮೇಲೆ ಕೂತು ನೋಡಿದ ಅದೇ ಕುತೂಹಲದಿಂದ. ಡೈರಿಯವರು. ಮಾವಂದಿರು. ಭಾವಮೈದುನರು. ಕಣ್ಣಿಗೆ ಕಣ್ಣು ಸಿಕ್ಕಿದವರೆಲ್ಲ ನೆಲ ನೋಡಿದರು. ಶಿವಣ್ಣ ಕೈಗಡಿಯಾರ ನೋಡಿದ, ಮೇಲೆ ಶಾಮಿಯಾನ ನೋಡಿದ, ಆಮೇಲೆ ಅವನೂ ನೆಲ ನೋಡಿದ. ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ಆ ಸಂಜೆ ಆ ಗಂಡಸರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹೆಂಗಸರ ಕಡೆ ಮಾತ್ರ ಯಾರೂ ತಲೆ ತಗ್ಗಿಸಲಿಲ್ಲ.

ಸಂತೋಷ್ ಸೆರಗು ಬಿಟ್ಟ. ಅದು ಸದ್ದಿಲ್ಲದೆ ಹಲಗೆಯ ಮೇಲೆ ಬಿತ್ತು. ಅವಳು ಎಳೆದು ಹೆಗಲ ಮೇಲೆ ಹೊದ್ದುಕೊಂಡಳು.

ತಮ್ಮಯ್ಯ ಇನ್ನೂ ಇಳಿದಿರಲಿಲ್ಲ. ಮಗ ಕೂಗುತ್ತಿರುವುದು ಅವನಿಗೆ ಬೇಕಿರಲಿಲ್ಲ. ಅರವತ್ತು ವರ್ಷದಿಂದ ನೋಡಿದ ಸೀನು ಇದು, ಆದರೆ ಇಂಥ ತಿರುವು ಕಂಡಿರಲಿಲ್ಲ. ಮಂಡಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಕತೆ ಕೇಳುವ ಕೂಸಿನಂತೆ ದನಿ ತಗ್ಗಿಸಿ ಕೇಳಿದ.

“ಮುಂದ್ಕೆ ಏನಾಯ್ತದವ್ವಾ?”

“ಗೊತ್ತಿಲ್ಲ ತಾತ” ಅಂದಳು ಪುಟ್ಟತಾಯಮ್ಮ. “ಇಲ್ಲೀಗಂಟ ನಾನೂ ಯಾವತ್ತೂ ಬಂದಿರ್ನಿಲ್ಲ.”